ಲಸಿಕೆಯೂ ಸ್ವಲೀನತೆಯೂ: ಒಂದು ಆರೋಪದ ಪರಿಶೀಲನೆ

೧

ಕಳೆದ ಮಳೆಗಾಲದ ಒಂದು ಭಾನುವಾರ, ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ನೆಲಸಿರುವ ನನ್ನ ಅಣ್ಣನ ಮಗಳ ಮನೆಗೆ ಹೋಗಿದ್ದೆನು. ಆಕೆಯ ಹಿರಿಯ ಮಗನಿಗೆ ಆರು ವರ್ಷ. ಅವನಾಡುವ ಮಾತುಗಳು ಹತ್ತಿಪ್ಪತ್ತನ್ನು ಮೀರಿಲ್ಲ. ಕರೆದರೆ ಹೊರಳಿ ನೋಡುವುದು ಅಪೂರ್ವ. ಆಟದ ಬಂಡಿಯನ್ನು ತಲೆಕೆಳಗಾಗಿ ಹಿಡಿದು ಅದರ ಗಾಲಿಯನ್ನು ತಿರುಗಿಸುತ್ತ ಗಂಟೆಗಟ್ಟಲೆ ಕುಳಿತಿರುತ್ತಾನೆ. ವೈದ್ಯರು ಅವನ ಸ್ಥಿತಿಯನ್ನು ಆಟಿಸಂ ಎಂದು ನಿರ್ಣಯಿಸಿ ಮೂರು ವರ್ಷಗಳಾದವು. ಎರಡನೆಯದು ಹೆಣ್ಣು ಮಗು. ಆಗ ಅದಕ್ಕೆ ಒಂದೂವರೆ ವರ್ಷ. ಆ ಮಗುವಿಗೆ ಹಾಕಿಸಬೇಕಾಗಿದ್ದ ದಡಾರ ಲಸಿಕೆಯ ಎರಡನೆಯ ಸರದಿಯನ್ನು ತಾಯಿ ಹಾಕಿಸದೆ ಬಿಟ್ಟಿದ್ದಳು. ಏಕೆಂದು ಕೇಳಿದ್ದಕ್ಕೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ನನ್ನನ್ನೇ ಕೇಳಿದಳು: “ಕಾಕಾ, ನೀವು ಓದಿದವರು. ಖರೇ ಹೇಳ್ರಿ, ಆ ಸೂಜಿ ಮಾಡಿಸಿದ್ದಕ್ಕಽ ನನ್ನ ಮಗಗ ಹಿಂಗಾತೇನು? ನಾನಽ ಅವನ್ನ ಎತಗೊಂಡು ಹೋಗಿದ್ದೆ.”

ಹುಡುಗನು ಮೊದಲು ನಾಲ್ಕಾರು ಮಾತುಗಳನ್ನು ಆಡುತ್ತಿದ್ದನಂತೆ. ಹದಿನಾರನೆಯ ತಿಂಗಳಲ್ಲಿ ಲಸಿಕೆ ಹಾಕಿಸಿದ ಮೇಲೆ ಅವು ನಿಂತುಹೋದುವಂತೆ. ಲಸಿಕೆಯಿಂದ ಆಟಿಸಂ ಬರುವುದೆಂದು ಸಾರುವ ಸಂದೇಶಗಳು ಕನ್ನಡ, ಮರಾಠಿ, ಇಂಗ್ಲಿಷು ಮೂರು ಭಾಷೆಗಳಲ್ಲಿಯೂ ಆಕೆಯ ಕೈಗೆ ಬಂದಿದ್ದುವು. ಅಂದು ನಾನು ಸರಿಯಾದ ಉತ್ತರ ಕೊಡಲಾರದೆ ಹೋದೆನು. ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರಗಳ ತಪಾಸಣೆಯಲ್ಲಿ ಎರಡು ದಶಕಗಳನ್ನು ಕಳೆದವನು. ಆದರೆ ಒಂದು ಆರೋಪವು ಎಲ್ಲಿ ಹುಟ್ಟಿತು, ಅದರ ವಿಚಾರಣೆ ಹೇಗೆ ನಡೆಯಿತು, ತೀರ್ಪು ಏನಾಯಿತು ಎಂಬುದನ್ನು ದಾಖಲೆಗಳಿಂದ ತಿಳಿಯುವುದು ಅಸಾಧ್ಯವಲ್ಲವೆಂದು ತೋರಿತು. ಹಾಗೆ ಓದಿ ತಿಳಿದುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸಿದ್ದೇನೆ. ಶಾಸನ ಸಾಹಿತ್ಯಗಳ ಚರ್ಚೆಗೆ ಮೀಸಲಾದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ವಾಚಕರು ಶಂಕಿಸಬಹುದು. ಸಾಕ್ಷ್ಯವನ್ನು ತೂಗಿ ನೋಡುವ ಅಭ್ಯಾಸವು ಎರಡೆಡೆಯಲ್ಲಿಯೂ ಒಂದೇ ಆಗಿದೆಯೆಂಬುದೇ ನನ್ನ ಸಮಾಧಾನ.

೨

ಮೊದಲು ಪದಗಳ ವಿಚಾರ. ದಡಾರವನ್ನು ಧಾರವಾಡ ಬೆಳಗಾವಿಗಳ ಕಡೆ ಗೊಬ್ಬರ ಎನ್ನುವರು. ಮರಾಠಿಯಲ್ಲಿ ಇದು ಗೋವರ. ಮೈಮೇಲೆ ಗುಳ್ಳೆಯೆದ್ದು ಜ್ವರ ಬಂದು ಹೋಗುವ ಸಾಮಾನ್ಯ ಬೇನೆಯೆಂದು ಹಲವರ ಭಾವನೆ. ವಾಸ್ತವದಲ್ಲಿ ಇದರ ಹಿಂದೆಯೇ ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ಕಣ್ಣಿನ ನಷ್ಟ ಮುಂತಾದವು ಬರಬಹುದು. ಸಾವಿರ ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತವಾಗುವುದು. ಇದರಷ್ಟು ಬೇಗ ಹರಡುವ ರೋಗ ಇನ್ನೊಂದಿಲ್ಲವೆಂದರೂ ಸಲ್ಲುವುದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ೧೨ರಿಂದ ೧೮ ಮಂದಿಗೆ ತಗಲುವುದೆಂದು ಲೆಕ್ಕ. ಆದುದರಿಂದಲೇ ನೂರಕ್ಕೆ ೯೫ ಮಕ್ಕಳಾದರೂ ಲಸಿಕೆ ಪಡೆದಿರಬೇಕೆಂದು ವಿಧಿಸಿದ್ದಾರೆ. ೨೦೨೨ರ ಕೊನೆಯ ತಿಂಗಳುಗಳಲ್ಲಿ ನಮಗೆ ಹತ್ತಿರದ ಮುಂಬಯಿಯ ಗೋವಂಡಿ ಮೊದಲಾದ ಕಡೆ ದಡಾರವೆದ್ದು ಹಲವು ಕೂಸುಗಳು ತೀರಿಕೊಂಡ ಸಂಗತಿ ವಾಚಕರ ನೆನಪಿನಲ್ಲಿರಬಹುದು.

ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ೧೯೮೫ರಿಂದ ಸೇರಿದೆ. ೨೦೧೭ರಿಂದ ಅದರ ಜೊತೆಗೆ ರುಬೆಲ್ಲಾ ಲಸಿಕೆಯನ್ನೂ ಕೂಡಿಸಿ, ಮೊದಲ ಸರದಿಯನ್ನು ೯ರಿಂದ ೧೨ ತಿಂಗಳೊಳಗೆ, ಎರಡನೆಯದನ್ನು ೧೬ರಿಂದ ೨೪ ತಿಂಗಳೊಳಗೆ ಹಾಕುವರು. ಖಾಸಗಿ ವೈದ್ಯರು ಸಾಮಾನ್ಯವಾಗಿ ಇವೆರಡರೊಡನೆ ಮಂಗನಬಾವಿನದನ್ನೂ ಸೇರಿಸಿದ ಮೂರು ರೋಗಗಳ ಲಸಿಕೆಯನ್ನು ಹಾಕುತ್ತಾರೆ. ಪುಣೆಯ ಹಡಪಸರದಲ್ಲಿ ೧೯೬೬ರಲ್ಲಿ ಸ್ಥಾಪಿತವಾದ ಸೀರಂ ಸಂಸ್ಥೆಯು ಇವನ್ನು ತಯಾರಿಸಿ ಹತ್ತಾರು ದೇಶಗಳಿಗೆ ಕಳುಹಿಸುತ್ತದೆ. ಜಗತ್ತಿನ ಬಹುಪಾಲು ಮಕ್ಕಳ ತೋಳಿಗೆ ಲಸಿಕೆಯನ್ನು ಒದಗಿಸುವ ಊರಿನಲ್ಲಿಯೇ ನಮ್ಮ ಹುಡುಗಿ ತನ್ನ ಕೂಸಿನ ತೋಳನ್ನು ಮುಚ್ಚಿಕೊಂಡು ಕುಳಿತಿದ್ದಳು.

ಇನ್ನು ಆಟಿಸಂ. ಕನ್ನಡದಲ್ಲಿ ಈಚೆಗೆ ಇದನ್ನು ಸ್ವಲೀನತೆಯೆಂದು ಕರೆಯುವ ರೂಢಿ ಬಂದಿದೆ. ತನ್ನಲ್ಲಿಯೇ ಲೀನವಾಗಿರುವುದು ಎಂದು ಪದಾರ್ಥ. ಇದು ರೋಗವೆನ್ನುವುದಕ್ಕಿಂತ ಮಿದುಳು ಬೆಳೆಯುವ ಕ್ರಮದಲ್ಲಿಯೇ ಇರುವ ಭೇದವೆನ್ನುವುದು ಯುಕ್ತ. ಮಾತು, ದೃಷ್ಟಿ, ಇತರರೊಡನೆ ಬೆರೆಯುವಿಕೆ ಇವುಗಳಲ್ಲಿ ತೊಡಕು, ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವ ಒಲವು ಇದರ ಲಕ್ಷಣಗಳು. ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣ. ಬಾಲ್ಟಿಮೋರಿನ ಲಿಯೋ ಕ್ಯಾನರ್ ಎಂಬ ವೈದ್ಯನು ೧೯೪೩ರಲ್ಲಿ ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿದನು. ದಡಾರದ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆತುದು ೧೯೬೩ರಲ್ಲಿ. ಮೂರು ರೋಗಗಳ ಕೂಡು ಲಸಿಕೆಗೆ ೧೯೭೧ರಲ್ಲಿ. ಎಂದರೆ ಕ್ಯಾನರನು ಕಂಡ ಆ ಹನ್ನೊಂದು ಮಕ್ಕಳಲ್ಲಿ ಒಂದಕ್ಕಾದರೂ ಈ ಲಸಿಕೆ ತಗಲಿರಲಿಲ್ಲ.

ಮಗುವು ಮಾತನಾಡಬೇಕು, ಬೆರಳು ಮಾಡಿ ತೋರಿಸಬೇಕು, ಹೆಸರಿಗೆ ಓಗೊಡಬೇಕು ಎಂದು ತಂದೆತಾಯಿಗಳು ನಿರೀಕ್ಷಿಸುವುದು ಎರಡನೆಯ ವರ್ಷದಲ್ಲಿ. ಆದಕಾರಣ ಕೊರತೆ ಕಣ್ಣಿಗೆ ಬೀಳುವುದೂ ಆಗಲೇ. ಕೆಲವು ಮಕ್ಕಳು ಕಲಿತ ಮಾತನ್ನು ಕಳೆದುಕೊಳ್ಳುವುದೂ ಆ ವಯಸ್ಸಿನಲ್ಲಿಯೇ. ಲಸಿಕೆಯ ಸರದಿಯೂ ಆಗಲೇ ಬರುತ್ತದೆ. ತೊಡಕಿನ ಮೂಲ ಇಷ್ಟೇ.

೩

ಆರೋಪ ಹುಟ್ಟಿದ್ದು ಲಂಡನ್ನಿನಲ್ಲಿ. ೧೯೯೮ರ ಫೆಬ್ರವರಿ ೨೮ರಂದು ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ೧೨ ಮಂದಿ ಸಹಲೇಖಕರ ಪ್ರಬಂಧವೊಂದು ಅಚ್ಚಾಯಿತು. ಕರುಳಿನ ಬೇನೆಯೂ ಬೆಳವಣಿಗೆಯ ತೊಡಕೂ ಇದ್ದ ೧೨ ಮಕ್ಕಳ ವೃತ್ತಾಂತವದು. ಅವರಲ್ಲಿ ಎಂಟು ಮಕ್ಕಳ ತೊಡಕು ಕೂಡು ಲಸಿಕೆಯ ತರುವಾಯ ತಲೆದೋರಿತೆಂದು ತಂದೆತಾಯಿಗಳೋ ವೈದ್ಯರೋ ಹೇಳಿದ್ದರು. ಲಸಿಕೆಗೂ ಈ ಸ್ಥಿತಿಗೂ ಸಂಬಂಧವನ್ನು ತಾವು ಸಾಧಿಸಿಲ್ಲವೆಂದು ಪ್ರಬಂಧದಲ್ಲಿಯೇ ಬರೆದಿತ್ತು. ಆದರೆ ಪತ್ರಕರ್ತರ ಮುಂದೆ ವೇಕ್‌ಫೀಲ್ಡನು ಕೂಡು ಲಸಿಕೆಯನ್ನು ನಿಲ್ಲಿಸಿ ಒಂದೊಂದನ್ನೂ ಬೇರೆ ಬೇರೆಯಾಗಿ ಹಾಕುವುದು ಲೇಸೆಂದು ಹೇಳಿದನು. ಬರೆದುದನ್ನು ಓದಿದವರು ಕೆಲವರು. ಹೇಳಿದುದನ್ನು ಕೇಳಿದವರು ಕೋಟಿಗಟ್ಟಲೆ. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದ್ದ ಅಲ್ಲಿಯ ಲಸಿಕೆಯ ಪ್ರಮಾಣವು ೨೦೦೩-೦೪ರ ಹೊತ್ತಿಗೆ ಎಂಬತ್ತರ ಆಸುಪಾಸಿಗೆ ಇಳಿಯಿತು.

ಬ್ರಯನ್ ಡೀರ್ ಎಂಬ ಪತ್ರಕರ್ತನು ೨೦೦೪ರಿಂದ ಹಲವು ವರ್ಷ ಇದರ ಬೆನ್ನುಹತ್ತಿದನು. ಲಸಿಕೆ ತಯಾರಕರ ಮೇಲೆ ದಾವೆ ಹೂಡಲಿದ್ದ ವಕೀಲರು ಪ್ರಬಂಧ ಬರುವುದಕ್ಕೆ ಎರಡು ವರ್ಷ ಮೊದಲೇ ವೇಕ್‌ಫೀಲ್ಡನನ್ನು ನೇಮಿಸಿಕೊಂಡಿದ್ದರು. ಆ ಮೂಲಕ ಆತನಿಗೆ ಸಂದ ಹಣ ನಾಲ್ಕು ಲಕ್ಷ ಪೌಂಡುಗಳಿಗೂ ಮಿಕ್ಕಿತ್ತು. ಪ್ರತ್ಯೇಕ ದಡಾರ ಲಸಿಕೆಯೊಂದಕ್ಕೆ ಸಂಬಂಧಿಸಿದ ಪೇಟೆಂಟಿಗಾಗಿ ಆತನ ಹೆಸರಿನಲ್ಲಿ ೧೯೯೭ರಲ್ಲಿ ಅರ್ಜಿ ಹೋಗಿತ್ತು. ಆಸ್ಪತ್ರೆಯ ಮೂಲ ದಾಖಲೆಗಳೊಡನೆ ಪ್ರಬಂಧವನ್ನು ತಾಳೆ ನೋಡಲಾಗಿ, ಲಸಿಕೆಗೆ ಮುನ್ನವೇ ಬೆಳವಣಿಗೆಯ ಬಗೆಗೆ ಸಂದೇಹವಿದ್ದ ಮಕ್ಕಳೂ ಆ ಹನ್ನೆರಡರಲ್ಲಿದ್ದುದು ಕಂಡುಬಂದಿತು. ೨೦೦೪ರಲ್ಲಿ ಹತ್ತು ಮಂದಿ ಸಹಲೇಖಕರು ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು. ೨೦೧೦ರ ಫೆಬ್ರವರಿ ೨ರಂದು ಪತ್ರಿಕೆಯು ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯಮಂಡಲಿಯು ವೇಕ್‌ಫೀಲ್ಡನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿತು.

ನಮ್ಮ ಕಚೇರಿಯ ಪದ್ಧತಿಯಲ್ಲಿ, ತಪ್ಪು ನಮೂದು ಸಿಕ್ಕಿದ ದಿನ ಎದುರು ನಮೂದು ಹಾಕಿದರೆ ಖಾತೆ ಸರಿಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಹನ್ನೆರಡು ವರ್ಷಗಳಲ್ಲಿ ಹುಟ್ಟಿ ಲಸಿಕೆಯಿಲ್ಲದೆ ಬೆಳೆದ ಮಕ್ಕಳು ಹಾಗೆಯೇ ಉಳಿದರು. ೨೦೧೨-೧೩ರಲ್ಲಿ ವೇಲ್ಸ್ ಪ್ರಾಂತದ ಸ್ವಾನ್ಸೀ ಪಟ್ಟಣದ ಸುತ್ತ ಸಾವಿರಕ್ಕೂ ಮಿಕ್ಕಿದ ಜನರಿಗೆ ದಡಾರ ಬಂದಿತೆಂದು ವರದಿಯಾಯಿತು. ಇದಕ್ಕೆ ತುತ್ತಾದವರಲ್ಲಿ ಬಹುಮಂದಿ ಆ ಅವಧಿಯಲ್ಲಿ ಲಸಿಕೆ ತಪ್ಪಿದವರು.

೪

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಒಬ್ಬ ವೈದ್ಯನು ಅಪ್ರಾಮಾಣಿಕನೆಂದ ಮಾತ್ರಕ್ಕೆ ಅವನ ಮಾತು ಸುಳ್ಳಾಗಬೇಕೇ? ಆಕ್ಷೇಪವು ನ್ಯಾಯವಾದುದೇ. ಹೇಳಿದವನ ಯೋಗ್ಯತೆಯಿಂದ ಹೇಳಿಕೆಯನ್ನು ಅಳೆಯುವುದು ತರ್ಕಕ್ಕೆ ಸಮ್ಮತವಲ್ಲ. ಆದುದರಿಂದ ವೇಕ್‌ಫೀಲ್ಡನನ್ನು ಬದಿಗಿಟ್ಟು ಆರೋಪವನ್ನೇ ಪರೀಕ್ಷಿಸಬೇಕು.

ಮೊದಲು ಒಂದು ಊಹೆಯ ಲೆಕ್ಕ. ಒಂದು ಲಕ್ಷ ಮಕ್ಕಳಲ್ಲಿ ಸಾವಿರ ಮಕ್ಕಳು, ಲಸಿಕೆ ಇರಲಿ ಇಲ್ಲದಿರಲಿ, ಸ್ವಲೀನರಾಗುವವರೆಂದು ಇಟ್ಟುಕೊಳ್ಳೋಣ. ತಂದೆತಾಯಿಗಳು ಇದನ್ನು ಎರಡನೆಯ ವರ್ಷದ ೫೨ ವಾರಗಳಲ್ಲಿ ಯಾವುದೋ ಒಂದು ವಾರ ಮೊದಲು ಗಮನಿಸುತ್ತಾರೆಂದು ಭಾವಿಸಿದರೆ, ವಾರಕ್ಕೆ ಸುಮಾರು ೧೯ ಮನೆಗಳಾದುವು. ಆದಕಾರಣ ಲಸಿಕೆ ಹಾಕಿಸಿದ ಮರುವಾರವೇ ಗಮನಿಸುವ ಮನೆಗಳೂ ಲಕ್ಷಕ್ಕೆ ೧೯ ಇದ್ದೇ ಇರುತ್ತವೆ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಮಕ್ಕಳು ಹುಟ್ಟುವರು. ಆ ಲೆಕ್ಕದಲ್ಲಿ ಇಂತಹ ಮನೆಗಳು ವರ್ಷಕ್ಕೆ ೩,೮೦೦ಕ್ಕೆ ಕಡಮೆಯಾಗಲಾರವು. ಆ ಒಂದೊಂದು ಮನೆಯ ತಾಯಿಯೂ ಕಂಡುದನ್ನೇ ಹೇಳುತ್ತಾಳೆ, ಸುಳ್ಳಾಡುವುದಿಲ್ಲ. ಆದರೆ ಲಸಿಕೆಯ ಹಿಂದಿನ ವಾರದಲ್ಲಿ ಗಮನಿಸಿದ ಮನೆಗಳೂ ಅಷ್ಟೇ ಇರುತ್ತವೆ. ಅವರು ಲಸಿಕೆಯ ಮಾತನ್ನೇ ಎತ್ತುವುದಿಲ್ಲವಾದ್ದರಿಂದ ಅವರ ಕಥೆ ನಮ್ಮ ಕಿವಿಗೆ ಬೀಳುವುದಿಲ್ಲ.

ಹೀಗಿರಲು, ನಿಜವನ್ನರಿಯಬೇಕಾದರೆ ನಾಲ್ಕು ಮನೆಗಳ ಕೋಷ್ಟಕವನ್ನು ತುಂಬಬೇಕು: ಲಸಿಕೆ ಪಡೆದು ಸ್ವಲೀನರಾದವರು, ಪಡೆದು ಆಗದವರು, ಪಡೆಯದೆ ಆದವರು, ಪಡೆಯದೆ ಆಗದವರು. ನಮಗೆ ಕಾಣುವುದು ಮೊದಲನೆಯ ಮನೆ ಮಾತ್ರ. ಉಳಿದ ಮೂರು ತುಂಬದೆ ತುಲನೆ ಸಾಧ್ಯವಿಲ್ಲ. ಪ್ರತಿಯೊಬ್ಬ ಪ್ರಜೆಗೂ ಹುಟ್ಟಿದಂದಿನಿಂದ ಒಂದು ಕ್ರಮಾಂಕವಿದ್ದು, ಲಸಿಕೆಯೂ ರೋಗನಿರ್ಣಯವೂ ದಾಖಲಾಗುವ ಡೆನ್ಮಾರ್ಕಿನಲ್ಲಿ ಈ ಕೆಲಸ ನಡೆಯಿತು. ೧೯೯೧ರಿಂದ ೧೯೯೮ರವರೆಗೆ ಹುಟ್ಟಿದ ೫,೩೭,೩೦೩ ಮಕ್ಕಳ ಲೆಕ್ಕ ೨೦೦೨ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಸ್ವಲೀನತೆ ಹೆಚ್ಚಾಗಿರಲಿಲ್ಲ. ಬಳಿಕ ೧೯೯೯ರಿಂದ ೨೦೧೦ರವರೆಗೆ ಹುಟ್ಟಿದ ೬,೫೭,೪೬೧ ಮಕ್ಕಳನ್ನು ಎಣಿಸಿ ೨೦೧೯ರಲ್ಲಿ ಇನ್ನೊಂದು ಲೆಕ್ಕ ಬಂದಿತು. ಪಡೆಯದವರಲ್ಲಿ ಪ್ರಮಾಣ ೧೦೦ ಎಂದಿಟ್ಟರೆ ಪಡೆದವರಲ್ಲಿ ೯೩. ಎಣಿಕೆಯ ಸಹಜವಾದ ಏರುಪೇರನ್ನು ಕಳೆದರೆ ೮೫ರಿಂದ ೧೦೨ರೊಳಗೆ. ಎಂದರೆ ಭೇದವಿಲ್ಲ.

ಜಪಾನಿನಲ್ಲಿ ಬೇರೆಯೇ ಬಗೆಯ ಪರೀಕ್ಷೆ ತಾನಾಗಿ ಒದಗಿತು. ಅಲ್ಲಿ ಬಳಸುತ್ತಿದ್ದ ಕೂಡು ಲಸಿಕೆಯಲ್ಲಿದ್ದ ಮಂಗನಬಾವಿನ ಅಂಶದಿಂದ ಕೆಲವು ಮಕ್ಕಳಿಗೆ ಮಿದುಳ ಪೊರೆಯ ಉರಿಯೂತವಾಗುವುದೆಂದು ಕಂಡುಬಂದು, ೧೯೯೩ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಲಸಿಕೆಯೇ ಕಾರಣವಾಗಿದ್ದರೆ ಅದು ನಿಂತ ಮೇಲೆ ಹುಟ್ಟಿದ ಮಕ್ಕಳಲ್ಲಿ ಸ್ವಲೀನತೆ ಇಳಿಯಬೇಕಿತ್ತು. ಯೊಕೊಹಾಮದ ಮಕ್ಕಳ ಎಣಿಕೆ ೨೦೦೫ರಲ್ಲಿ ಪ್ರಕಟವಾದಾಗ, ಕೂಡು ಲಸಿಕೆಯನ್ನು ಕಾಣದ ಮಕ್ಕಳಲ್ಲಿಯೂ ಆ ಸಂಖ್ಯೆ ಏರುತ್ತಲೇ ಹೋದುದು ತಿಳಿಯಿತು. ಏರಿಕೆಗೆ ಬಹುಮಟ್ಟಿನ ಕಾರಣ, ಲಕ್ಷಣಗಳ ವ್ಯಾಖ್ಯೆ ವಿಸ್ತಾರವಾದುದು ಮತ್ತು ಗುರುತಿಸುವವರು ಹೆಚ್ಚಿದುದು.

ನನ್ನ ಅಣ್ಣನ ಮಗಳ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಲೆಕ್ಕ ಇನ್ನೊಂದುಂಟು. ಮನೆಯಲ್ಲಿ ಹಿರಿಯ ಮಗು ಹೀಗಿರುವಾಗ ಕಿರಿಯದಕ್ಕೆ ಲಸಿಕೆ ಅಪಾಯವೇ ಎಂಬುದನ್ನು ಅಮೆರಿಕದಲ್ಲಿ ೯೫,೭೨೭ ಮಕ್ಕಳ ದಾಖಲೆಗಳಿಂದ ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಅವರಲ್ಲಿ ೧,೯೨೯ ಮಕ್ಕಳಿಗೆ ಸ್ವಲೀನನಾದ ಅಣ್ಣನೋ ಅಕ್ಕನೋ ಇದ್ದರು. ಇಂತಹ ಮನೆಗಳಲ್ಲಿ ಎರಡು ವರ್ಷದ ಹೊತ್ತಿಗೆ ಲಸಿಕೆ ಪಡೆದ ಮಕ್ಕಳು ನೂರಕ್ಕೆ ೭೩. ಇತರ ಮನೆಗಳಲ್ಲಿ ೮೪. ಎಂದರೆ ಅಂಜಿಕೆಯು ಅಲ್ಲಿಯೂ ಇದ್ದಿತು. ಫಲಿತಾಂಶವೇನೆಂದರೆ, ಲಸಿಕೆ ಪಡೆದ ಕಿರಿಯರಲ್ಲಿ ಪಡೆಯದವರಿಗಿಂತ ಸ್ವಲೀನತೆ ಹೆಚ್ಚಲಿಲ್ಲ. ಅದರ ಜೊತೆಗೇ ತಿಳಿದ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಸ್ವಲೀನನಾದ ಅಣ್ಣನೋ ಅಕ್ಕನೋ ಇರುವ ಮಗುವಿಗೆ, ಲಸಿಕೆ ಇರಲಿ ಬಿಡಲಿ, ಆ ಸ್ಥಿತಿ ಬರುವ ಸಂಭವ ಹೆಚ್ಚು. ಆ ೧,೯೨೯ರಲ್ಲಿ ೧೩೪ ಮಕ್ಕಳು, ಎಂದರೆ ನೂರಕ್ಕೆ ಸುಮಾರು ಏಳು. ಉಳಿದವರಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ. ಇದು ರಕ್ತಸಂಬಂಧದ ಮಾತು. ಇದನ್ನು ಮೊದಲೇ ತಿಳಿಸದಿದ್ದರೆ, ದುರ್ದೈವದಿಂದ ಕಿರಿಯ ಮಗುವೂ ಹಾಗಾದಾಗ ಆರೋಪವು ಮತ್ತೆ ಸೂಜಿಯ ಮೇಲೆ ಬೀಳುವುದು.

೫

ಕೂಡು ಲಸಿಕೆಯ ಮೇಲಣ ಆರೋಪ ಬಿದ್ದುಹೋಗುತ್ತ ಬಂದಾಗ, ಅದರ ಬದಲು ಪಾದರಸದ ಮೇಲೆ ಆರೋಪ ಬಂದಿತು. ಹಲವು ಸರದಿಗಳ ಸೀಸೆಯಲ್ಲಿ ಸೂಕ್ಷ್ಮಜೀವಿ ಬೆಳೆಯದಂತೆ ಥಯೋಮರ್ಸಾಲ್ ಎಂಬ ಪಾದರಸಯುಕ್ತ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವುದುಂಟು. ದಡಾರದ ಲಸಿಕೆಯಲ್ಲಿ ಅದು ಎಂದೂ ಇರಲಿಲ್ಲ; ಸಜೀವ ಲಸಿಕೆಯಾದುದರಿಂದ ಇರಲೂ ಆಗದು. ಅಮೆರಿಕದಲ್ಲಿ ೨೦೦೧ರ ಹೊತ್ತಿಗೆ ಕೂಸುಗಳ ಸಾಮಾನ್ಯ ಲಸಿಕೆಗಳಿಂದ ಅದನ್ನು ತೆಗೆದರು. ಡೆನ್ಮಾರ್ಕಿನಲ್ಲಿ ೧೯೯೨ರಲ್ಲಿಯೇ ತೆಗೆದಿದ್ದರು. ಎರಡು ಕಡೆಯೂ ಸ್ವಲೀನತೆಯ ಎಣಿಕೆ ಇಳಿಯಲಿಲ್ಲ. ಮುಂದೆ ‘ಲಸಿಕೆಗಳು ಸಂಖ್ಯೆಯಲ್ಲಿ ಅತಿಯಾದುವು’ ಎಂಬ ಮೂರನೆಯ ವಾದ ಬಂದಿತು. ಹೀಗೆ ಒಂದು ಸಾಕ್ಷ್ಯ ಬಿದ್ದೊಡನೆ ಇನ್ನೊಂದನ್ನು ಹುಡುಕುವಲ್ಲಿ, ಆರೋಪಿ ಮೊದಲೇ ನಿಶ್ಚಿತನಾಗಿರುತ್ತಾನೆ.

ಈ ವಾದ ಇಂದಿಗೂ ಮುಗಿದಿಲ್ಲ. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವೆ ಮೊದಲಾದ ಕಡೆ ೯ ತಿಂಗಳಿನಿಂದ ೧೫ ವರ್ಷದೊಳಗಿನವರಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆದಾಗ ಬಗೆಬಗೆಯ ವದಂತಿಗಳು ಕೈಫೋನುಗಳಲ್ಲಿ ಹರಿದಾಡಿದುವು. ಮಹಾರಾಷ್ಟ್ರದಲ್ಲಿ ೨೦೧೮ರ ನವೆಂಬರಿನಲ್ಲಿ ಅದೇ ಅಭಿಯಾನ ಮೊದಲಾಯಿತು. ೨೦೨೫ರ ನವೆಂಬರಿನಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವೇ ತನ್ನ ಹಳೆಯ ನಿಲುವನ್ನು ಬದಲಿಸಿ, ಲಸಿಕೆಯಿಂದ ಸ್ವಲೀನತೆ ಬರುವುದಿಲ್ಲವೆಂಬುದು ಸಾಕ್ಷ್ಯಾಧಾರವಾದ ಮಾತಲ್ಲವೆಂದೂ, ಅಧ್ಯಯನಗಳು ಆ ಸಂಭವವನ್ನು ಪೂರ್ತಿಯಾಗಿ ಅಲ್ಲಗಳೆದಿಲ್ಲವೆಂದೂ ಪ್ರಕಟಿಸಿತು. ಮರುತಿಂಗಳು ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸುರಕ್ಷತಾ ಸಮಿತಿಯು ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ, ಕಾರಣ ಸಂಬಂಧವಿಲ್ಲವೆಂದು ದೃಢಪಡಿಸಿತು. ‘ಪೂರ್ತಿಯಾಗಿ ಅಲ್ಲಗಳೆದಿಲ್ಲ’ ಎಂಬ ಮಾತನ್ನು ವಾಚಕರು ಎಚ್ಚರದಿಂದ ಓದಬೇಕು. ಯಾವ ಎಣಿಕೆಯೂ ಶೂನ್ಯವನ್ನು ಸಾಧಿಸಲಾರದು. ಇದ್ದರೆ ಇಷ್ಟಕ್ಕಿಂತ ಹೆಚ್ಚಿರಲಾರದೆಂದು ಎಲ್ಲೆಯನ್ನು ಮಾತ್ರ ಗುರುತಿಸಬಲ್ಲುದು. ಲಕ್ಷಗಟ್ಟಲೆ ಮಕ್ಕಳ ಎಣಿಕೆಯಲ್ಲಿಯೂ ಕಾಣದ ಕಾರಣವು, ಇಷ್ಟೊಂದು ಮನೆಗಳಲ್ಲಿ ಕಾಣುವ ಸ್ಥಿತಿಯನ್ನು ಉಂಟುಮಾಡಲಾರದು.

೬

ಹಾಗೆಂದು ಅಂಜಿದವರನ್ನು ಅಜ್ಞಾನಿಗಳೆಂದು ಜರೆಯುವುದು ತರವಲ್ಲ. ಅಪನಂಬಿಕೆಗೂ ಒಂದು ಇತಿಹಾಸವಿದೆ. ಪುಣೆಯವರಾದ ನಾವು ಅದನ್ನು ಮರೆಯುವಂತಿಲ್ಲ. ೧೮೯೭ರಲ್ಲಿ ಪ್ಲೇಗು ಬಂದಾಗ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆಮನೆಯ ಒಳಹೊಕ್ಕು ಶೋಧಿಸಿದರು. ದೇವರ ಕೋಣೆ, ಅಡಿಗೆಮನೆ, ಬಾಣಂತಿಯ ಕೋಣೆ ಎಂಬ ಭೇದವಿರಲಿಲ್ಲ. ಜೂನ್ ೨೨ರ ರಾತ್ರಿ ಗಣೇಶಖಿಂಡದ ರಸ್ತೆಯಲ್ಲಿ ಚಾಪೇಕರ ಸಹೋದರರ ಗುಂಡಿಗೆ ಆತನು ಗುರಿಯಾದನು. ಅದೇ ಊರಿನಲ್ಲಿ, ಅದೇ ವರ್ಷ, ಸಾವಿತ್ರೀಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ ಪ್ಲೇಗು ತಗಲಿ ಮಾರ್ಚ್ ೧೦ರಂದು ತೀರಿಕೊಂಡರು. ಆ ರೊಚ್ಚಿಗೆ ಲಸಿಕೆ ಕಾರಣವಾಗಿರಲಿಲ್ಲ, ನಿಜ. ಆದರೆ ಆರೋಗ್ಯದ ಹೆಸರಿನಲ್ಲಿ ಬರುವ ಅಧಿಕಾರವನ್ನು ಜನರು ಯಾವ ರೂಪದಲ್ಲಿ ಕಂಡಿದ್ದರೆಂಬುದಕ್ಕೆ ಇದು ನಿದರ್ಶನ.

ಲಸಿಕೆಯಿಂದ ನಿಜವಾಗಿ ಹಾನಿಯಾದುದೂ ಉಂಟು. ಮುಂಬಯಿಯಲ್ಲಿ ಹಾಫ್ಕಿನನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯ ಒಂದು ಸೀಸೆಗೆ ಧನುರ್ವಾಯುವಿನ ಜೀವಿ ಸೇರಿ, ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಚುಚ್ಚಿಸಿಕೊಂಡವರಲ್ಲಿ ೧೯ ಮಂದಿ ಸತ್ತರು. ಜಪಾನಿನ ಸಂಗತಿಯನ್ನು ಮೇಲೆ ಹೇಳಿದೆ. ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ಹೇಳಬಹುದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೆ ಜ್ವರ ಬಂದಾಗ, ಅದರ ವೈರಾಣುವನ್ನು ಕಂಡುಹಿಡಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರು. ಇಂದಿನ ರಾಷ್ಟ್ರೀಯ ವೈರಾಣುಶಾಸ್ತ್ರ ಸಂಸ್ಥೆಯೇ ಅದು. ಆ ಕಾಯಿಲೆಗೆ ಮಲೆನಾಡಿನಲ್ಲಿ ೧೯೯೦ರಿಂದ ಲಸಿಕೆ ಹಾಕುತ್ತಿದ್ದರು. ಅದರ ರಕ್ಷಣೆ ಸಾಲದೆಂದು ಎಣಿಕೆಗಳಿಂದ ತಿಳಿಯುತ್ತ ಬಂದು, ೨೦೨೨ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು.

ಈ ಉದಾಹರಣೆಗಳಿಂದ ಲಸಿಕೆಯ ವಿರೋಧಿಗಳು ತಮಗೆ ಬೇಕಾದ ಅರ್ಥವನ್ನು ತೆಗೆಯಬಹುದು. ನನಗೆ ಕಾಣುವ ಅರ್ಥ ಬೇರೆ. ಹಾನಿಯಿದ್ದಲ್ಲಿ ಅದನ್ನು ಹಿಡಿದದ್ದೂ, ಬಲವಿಲ್ಲದಲ್ಲಿ ಬಲವಿಲ್ಲವೆಂದು ಹೇಳಿದ್ದೂ ಇದೇ ಎಣಿಕೆ, ಇದೇ ತುಲನೆ. ಅದೇ ತಕ್ಕಡಿಯಲ್ಲಿ ಸ್ವಲೀನತೆ ಕುರಿತ ಆರೋಪವನ್ನು ಒಂದಲ್ಲ, ಹತ್ತು ಸಲ ತೂಗಿದರೂ ಅದಕ್ಕೆ ತೂಕ ಬರಲಿಲ್ಲ. ಲಸಿಕೆಯಲ್ಲಿ ದೋಷವೇ ಇಲ್ಲವೆಂದು ಹೇಳುವವರಿಗಿಂತ, ಚುಚ್ಚಿದ ಮೇಲೆ ಜ್ವರ ಬರಬಹುದು, ಜ್ವರದಿಂದ ಅಪರೂಪಕ್ಕೆ ಒಂದು ಕೂಸಿಗೆ ಸೆಳವು ಬಂದು ಹೋಗಬಹುದು ಎಂದು ಮೊದಲೇ ತಿಳಿಸುವ ದಾದಿಯ ಮಾತನ್ನು ತಾಯಂದಿರು ನಂಬುವುದು ಸಹಜ.

೭

ಈ ಚರ್ಚೆಯಲ್ಲಿ ಲಸಿಕೆಯ ಪರವಾದಿಗಳೂ ವಿರೋಧಿಗಳೂ ಸಮಾನವಾಗಿ ಅಲಕ್ಷಿಸುವ ವ್ಯಕ್ತಿಯೆಂದರೆ ಸ್ವಲೀನ ಮಗುವಿನ ತಾಯಿ. ಆಕೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದುದು ಇದೇ ಮೊದಲಲ್ಲ. ಈ ಮಕ್ಕಳ ತಂದೆತಾಯಿಗಳಲ್ಲಿ ಆದರ ಕಡಮೆಯೆಂಬ ಮಾತು ಕ್ಯಾನರನ ಬರಹದಲ್ಲಿಯೇ ಸೇರಿಕೊಂಡಿತ್ತು. ಷಿಕಾಗೋವಿನ ಬ್ರೂನೋ ಬೆಟಲ್‌ಹೈಮನು ೧೯೬೭ರ ತನ್ನ ಗ್ರಂಥದಲ್ಲಿ ಅದನ್ನು ಸಿದ್ಧಾಂತವಾಗಿಯೇ ಬೆಳೆಸಿದನು. ತಾಯಿಯ ಎದೆ ತಣ್ಣಗಿದ್ದುದರಿಂದ ಮಗು ತನ್ನೊಳಗೆ ಮುದುಡಿಕೊಂಡಿತೆಂದು ಒಂದು ತಲೆಮಾರಿನ ತಾಯಂದಿರು ವೈದ್ಯರ ಬಾಯಿಂದಲೇ ಕೇಳಬೇಕಾಯಿತು. ತಾನೇ ಇಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡನು, ಇದು ಹುಟ್ಟಿನಿಂದ ಬರುವ ದೈಹಿಕ ಸ್ಥಿತಿಯೆಂದು ೧೯೬೪ರಲ್ಲಿಯೇ ಗ್ರಂಥ ಬರೆದು ವಾದಿಸಿದ್ದನು. ಕಡೆಗೆ ಆ ಪಕ್ಷವೇ ಗೆದ್ದಿತು. ಅದೇ ರಿಮ್ಲಂಡನು ವೃದ್ಧಾಪ್ಯದಲ್ಲಿ ಲಸಿಕೆಯ ಮೇಲಣ ಆರೋಪಕ್ಕೆ ಒಲಿದನೆಂಬುದು ವಿಷಾದದ ಸಂಗತಿ. ತಾಯಿಯ ಅಕ್ಕರೆ ಸಾಲದೆ ಹೀಗಾಯಿತೆಂಬ ಮಾತು ಹೋಗಿ, ತಾಯಿಯು ಅಕ್ಕರೆಯಿಂದ ಎತ್ತಿಕೊಂಡು ಹೋಗಿ ಚುಚ್ಚಿಸಿದುದರಿಂದ ಹೀಗಾಯಿತೆಂಬ ಮಾತು ಬಂದಿತು. ಕಾರಣ ಬದಲಾಯಿತು; ಭಾರ ಹೊತ್ತವಳು ಬದಲಾಗಲಿಲ್ಲ.

ಹಾಗಾದರೆ ನಿಜವಾದ ಕಾರಣವೇನು? ಡೆನ್ಮಾರ್ಕು, ಸ್ವೀಡನ್ನು, ಇಸ್ರೇಲು ಮುಂತಾದ ಐದು ದೇಶಗಳ ಸುಮಾರು ೨೦ ಲಕ್ಷ ಮಕ್ಕಳ ವಂಶಸಂಬಂಧಗಳನ್ನು ನೋಡಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಭೇದದ ನೂರರಲ್ಲಿ ಎಂಬತ್ತರಷ್ಟು ಪಾಲು ಅನುವಂಶಿಕವೆಂದು ಅಂದಾಜು ಮಾಡಿತು. ಒಂದೇ ಒಂದು ವಂಶಬೀಜವಲ್ಲ, ನೂರಾರು ಬೀಜಗಳು ಸೇರಿ ಆಗುವ ಕಾರ್ಯವಿದು. ಗರ್ಭದಲ್ಲಿ ಮಿದುಳು ರೂಪುಗೊಳ್ಳುವಾಗಲೇ ಇದರ ಆರಂಭ. ಯಾರ ತಪ್ಪೂ ಇಲ್ಲದೆ ಆಗುವಂಥದು.

ಈ ನಗರದಲ್ಲಿರುವ ಕನ್ನಡಿಗರ ಪಾಲಿಗೆ ಇಲ್ಲೊಂದು ಕರ್ತವ್ಯವುಂಟೆಂದು ನನ್ನ ಭಾವನೆ. ವದಂತಿಯು ಮನೆಮಾತಿನಲ್ಲಿ ಬರುತ್ತದೆ. ಅದರ ಪರಿಹಾರವು ಆಸ್ಪತ್ರೆಯ ಇಂಗ್ಲಿಷಿನಲ್ಲೋ ದಾದಿಯ ಮರಾಠಿಯಲ್ಲೋ ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಊರಿನಲ್ಲಿದ್ದರೆ ಅತ್ತೆಯೋ ಅಜ್ಜಿಯೋ ನೆರೆಯವಳೋ ಜೊತೆಗಿರುತ್ತಿದ್ದಳು. ಇಲ್ಲಿ ಬಹುಮಂದಿ ತಾಯಂದಿರು ಮಧ್ಯಾಹ್ನದ ಹೊತ್ತು ಒಬ್ಬರೇ ಇರುತ್ತಾರೆ. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕೇಳಿ, ಅವರ ಮಾತಿನಲ್ಲಿಯೇ ನಿಧಾನವಾಗಿ ಉತ್ತರಿಸಬಲ್ಲ ಓದುಗರು ನಮ್ಮಲ್ಲಿ ಇದ್ದಾರೆ. ಸರದಿ ತಪ್ಪಿದ ದಡಾರ ಲಸಿಕೆಯನ್ನು ಐದು ವರ್ಷ ತುಂಬುವವರೆಗೂ ಸರಕಾರಿ ಕೇಂದ್ರಗಳಲ್ಲಿ ಹಾಕಿಸಬಹುದೆಂಬ, ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯೂ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಸ್ವಲೀನರನ್ನು ಹೆಸರಿಸಿ ರಕ್ಷಿಸುತ್ತವೆಂಬ, ಮಾತಿನ ತರಬೇತಿ ಎಷ್ಟು ಬೇಗ ಮೊದಲಾದರೆ ಅಷ್ಟು ಲೇಸೆಂಬ ಸರಳ ಸಂಗತಿಗಳು ಎಷ್ಟೋ ಮನೆಗಳನ್ನು ಇನ್ನೂ ಮುಟ್ಟಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೆ ಆ ಮನೆಗೆ ಹೋಗಿ, ಮೇಲೆ ಬರೆದುದನ್ನೆಲ್ಲ ಆಕೆಗೆ ತಿಳಿಯುವಂತೆ ಎರಡು ಗಂಟೆ ಹೇಳಿದೆನು. ವಾರದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆಕೆ ಎರಡು ಸಲ ಮರಳಿ ಕೇಳಿದಳು. ಎಲ್ಲ ಮುಗಿದ ಮೇಲೆ, “ಹಂಗಾರ ನಾ ಏನೂ ತಪ್ಪು ಮಾಡಲಿಲ್ಲೇನ್ರಿ ಕಾಕಾ?” ಎಂದಳು. ಇಲ್ಲವೆಂದೆನು. ಹುಡುಗನು ಅಷ್ಟು ಹೊತ್ತೂ ನಮ್ಮ ಹತ್ತಿರವೇ ಕುಳಿತು ಗಾಲಿಯನ್ನು ತಿರುಗಿಸುತ್ತಿದ್ದನು. ಮರುವಾರ ಆಕೆ ಮಗಳನ್ನು ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದಳು. ರಾತ್ರಿ ಸ್ವಲ್ಪ ಜ್ವರ ಬಂದು ಬೆಳಗಿನ ಹೊತ್ತಿಗೆ ಇಳಿಯಿತೆಂದು ಫೋನಿನಲ್ಲಿ ತಿಳಿಸಿದಳು.